ಕೆರೆಯಂಗಳದ ರೇಸು

ಡಾಕ್ಟರು ನನ್ನ ಎಡಮಂಡಿಯನ್ನು ಎರಡು ಕೈಯಲ್ಲೂ ಹಿಡಿದು ಆಚೆ ಈಚೆ ಅಲ್ಲಾಡಿಸಿ, "ಇದನ್ನ ಬದಲಾಯಿಸಲೇಬೇಕು. ಸಂಕ್ರಾಂತಿ ದಾಟಿಸಬೇಡಿ," ಅಂದರು. ಆಮೇಲೆ ಬೈಕ್ ಓಡಿಸಬಹುದಾ ಅಂತ ಕೇಳಿದೆ. ಓಡಿಸಬಹುದು ಅಂದರು. ಮಣ್ಣಲ್ಲಿ? ಕಲ್ಲಲ್ಲಿ? ರೇಸಲ್ಲಿ? ಅವರು ನನ್ನ ನೆರೆತ ತಲೆ ನೋಡಿದರು, ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಯ ಮುಖ ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರೇಸು ನಿಮಗಾ, ನಿಮ್ಮ ಮಗನಿಗಾ?" ಅಂದರು. ನನಗೆ ಮಗನಿಲ್ಲ. ಇರುವ ಒಬ್ಬ ಮಗಳಿಗೆ ಬೈಕ್ ಕಂಡರೆ ಆಗದು. ಅದನ್ನೆಲ್ಲ ಅವರಿಗೆ ಹೇಳಿ ಏನು ಪ್ರಯೋಜನ ಅಂತ ಪ್ಯಾಂಟಿನ ಕಾಲು ಇಳಿಸಿಕೊಂಡೆ.

ಕೋಲಾರದಿಂದ ಮುಳಬಾಗಿಲಿಗೆ ವಾಪಸು ಬರುವಾಗ ಹೆಂಡತಿ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ವಡ್ಡಹಳ್ಳಿಯ ಟೊಮೇಟೊ ಮಂಡಿ ದಾಟಿದ ಮೇಲೆ ನನ್ನ ಕಡೆ ತಿರುಗದೆಯೇ ಮಾತಾಡಿದಳು. "ಒಂದು. ಒಂದೇ ಒಂದು ರೇಸು. ಯಾವುದು ಅಂತ ನೀವೇ ನೋಡ್ಕೊಳ್ಳಿ. ಅದಾದ್ಮೇಲೆ ಆಪರೇಷನ್, ಆಮೇಲೆ ಆ ಗಾಡಿ ಮನೇಲಿ ಇರಕೂಡದು." ನನಗೆ ಬಸ್ಸಲ್ಲೇ ಎದ್ದು ನಿಂತು ಕುಣಿಯುವ ಹಾಗಾಯಿತು. ಮಂಡಿ ಬಿಡಲಿಲ್ಲ.

ನಾನು ಮುಳಬಾಗಿಲಿನ ಹಾಲು ಶೀತಲ ಕೇಂದ್ರದಲ್ಲಿ ಕೆಲಸ ಮಾಡುವವನು, ತಾಯಲೂರು ಕಡೆಯ ನಮ್ಮೂರಿನಿಂದ ದಿನಾ ಓಡಾಡುತ್ತೇನೆ. ಹರೆಯದಲ್ಲಿ ಊರಿನ ಹಾಲನ್ನು ಕ್ಯಾನುಗಳಿಗೆ ತುಂಬಿ, ಗಾಡಿಯ ಎರಡೂ ಕಡೆ ನೇತುಹಾಕಿಕೊಂಡು ಡೇರಿಗೆ ಸಾಗಿಸುತ್ತಿದ್ದೆ. ರಸ್ತೆ ಸುತ್ತಿ ಹೋದರೆ ಹೊತ್ತಾಗುತ್ತದೆಂದು ಕೆರೆಯಂಗಳದಲ್ಲೇ ಅಡ್ಡ ಹಾಯುತ್ತಿದ್ದೆ. ನಮ್ಮ ಕೆರೆ ಹೆಸರಿಗೆ ಕೆರೆ. ಅದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ದನ ಮೇಯುತ್ತಿದ್ದವು, ಮದುವೆಗೆ ಬಂದವರ ಕಾರುಗಳು ನಿಲ್ಲುತ್ತಿದ್ದವು. ಆ ಮೆತ್ತನೆ ಮಣ್ಣಿನಲ್ಲಿ ತುಂಬಿದ ಕ್ಯಾನು ತುಳುಕದಂತೆ ಗಾಡಿ ಓಡಿಸಲು ಕಲಿತವನಿಗೆ ಬೇರೆ ಯಾವ ನೆಲವೂ ಕಷ್ಟವಲ್ಲ ಅಂತ ಆಗ ನನಗೆ ದೊಡ್ಡ ಜಂಬ. ಆ ಜಂಬದಲ್ಲೇ ಸುತ್ತಮುತ್ತ ಎಲ್ಲೇ ಮಣ್ಣಿನ ರೇಸು ನಡೆದರೂ ಹೋಗುತ್ತಿದ್ದೆ.

ಮಾಲೂರಿನ ಹತ್ತಿರ ಒಂದು ರೇಸಿನಲ್ಲಿ ಜಂಬ ಇಳಿಯಿತು. ಇಟ್ಟಿಗೆ ಗೂಡುಗಳ ಹಿಂದಿನ ಬಯಲಲ್ಲಿ ಕೆಮ್ಮಣ್ಣಿನ ದಿಬ್ಬ ಕಟ್ಟಿ ಗಾಡಿಗಳನ್ನು ಹಾರಿಸುತ್ತಿದ್ದರು. ನಾನು ಹಾರಿದೆ, ಗಾಡಿ ಬೇರೆ ಕಡೆ ಇಳಿಯಿತು, ನಾನು ಬೇರೆ ಕಡೆ. ಇಟ್ಟಿಗೆ ಹೊರುವ ತಳ್ಳುಗಾಡಿಯ ಮೇಲೆ ಮಲಗಿಸಿ ನನ್ನನ್ನು ರೇಸು ಮುಗಿಯುವ ಗೆರೆಯಾಚೆ ಸಾಗಿಸಿದರು. ಮುರಿದ ಮಂಡಿ ಕೂಡಿಕೊಂಡಿತು, ಮದುವೆಯಾಯಿತು, ಕೆಲಸ ಕಾಯಂ ಆಯಿತು, ರೇಸು ನಿಂತೇ ಹೋಯಿತು. ಗೆದ್ದಿದ್ದು ಸೋತಿದ್ದು ಯಾವುದೂ ಈಗ ನೆನಪಿಗೆ ಬರುವುದಿಲ್ಲ. ಆ ತಳ್ಳುಗಾಡಿಯ ಚಕ್ರದ ಕಿರ್ರೋ ಸದ್ದು ಮಾತ್ರ ಕಿವಿಯಲ್ಲೇ ಇದೆ. ನನ್ನ ಕೊನೆಯ ರೇಸು ಅದಾಗಬಾರದು ಎಂಬುದಷ್ಟೇ ನನ್ನ ಆಸೆ. ಕೊನೆಯವನಾಗಿ ಬಂದರೂ ಸರಿ, ಗಾಡಿಯ ಮೇಲೆ ಕೂತೇ ಗೆರೆ ದಾಟಬೇಕು.

ಗಾಡಿ ನಮ್ಮ ಹುಳುಮನೆಯ ಹಿಂದಿನ ಚಪ್ಪರದಲ್ಲಿತ್ತು. ಹೆಂಡತಿ ರೇಷ್ಮೆ ಮೇಯಿಸುತ್ತಾಳೆ, ಆ ಹುಳುಗಳಿಗೆ ಯಾವ ವಾಸನೆಯೂ ಆಗದು. ಪೆಟ್ರೋಲ್ ವಾಸನೆ ಬಡಿದರೆ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಕೂರುತ್ತವೆ. ಹೋದ ವರ್ಷ ನಾನು ಮತ್ತೆ ಗಾಡಿ ಹೊರತೆಗೆದಾಗಿನಿಂದ ಮನೆಯಲ್ಲಿ ಅದೇ ಜಗಳ. ಬೆಳಗ್ಗೆ ಅದನ್ನು ಊರ ಬಾಗಿಲ ತನಕ ತಳ್ಳಿಕೊಂಡೇ ಹೋಗಿ ಅಲ್ಲಿ ಕಿಕ್ ಹೊಡೆಯಬೇಕು. ಹುಳು ಜ್ವರಕ್ಕೆ ಕೂತ ದಿನಗಳಲ್ಲಿ, ಅಂದರೆ ಅವು ಪೊರೆ ಬಿಡುವಾಗ, ಅದೂ ಇಲ್ಲ. "ಹುಳಕ್ಕೆ ಜ್ವರ. ನೀವೂ ಸುಮ್ನೆ ಮಲಕ್ಕೊಳ್ಳಿ," ಅನ್ನುತ್ತಿದ್ದಳು. ಗಾಡಿ ತಳ್ಳಿ ತಳ್ಳಿಯೇ ಮಂಡಿ ಇನ್ನಷ್ಟು ಹಾಳಾಯಿತು ಅಂತ ನನ್ನ ಅನುಮಾನ, ಆದರೆ ಮನೆ ನಡೆಯುತ್ತಿದ್ದುದು ಹುಳುಗಳಿಂದ. ನನ್ನ ಮಾತು ಎಲ್ಲಿ ನಡೆಯುತ್ತದೆ?

ಸರಿ, ಒಂದೇ ಒಂದು ರೇಸು ಆರಿಸಬೇಕು. ಹೆಣ್ಣು ನೋಡಲು ಹೋಗುವಾಗಲೂ ನಾನು ಇಷ್ಟು ಯೋಚನೆ ಮಾಡಿರಲಿಲ್ಲ. ಕೋಲಾರದಲ್ಲಿ ನನ್ನ ಹಳೇ ಗೆಳೆಯನೊಬ್ಬ ಮೆಕ್ಯಾನಿಕ್ ಇದ್ದಾನೆ. ಆ ಕಾಲದಲ್ಲಿ ನನ್ನ ಜೊತೆ ಓಡಿಸುತ್ತಿದ್ದವನು, ಈಗ ಅವನೇ ನಾಲ್ಕು ಜನರನ್ನು ಸೇರಿಸಿಕೊಂಡು ರೇಸು ನಡೆಸುತ್ತಾನೆ. ಅವನ ಹತ್ತಿರ ಹೋದೆ. "ಲೇ, ನೀನಾ? ಇನ್ನೂ ಬದುಕಿದೀಯಾ?" ಅಂತ ಎಣ್ಣೆಗೈಯಲ್ಲೇ ಅಪ್ಪಿಕೊಂಡ. ಈ ಚಳಿಗಾಲದಲ್ಲಿ ಮಾಲೂರು, ಗೌನಿಪಲ್ಲಿ, ಕುರುಡುಮಲೆ ಅಂತ ಮೂರು ಕಡೆ ಏನೋ ನಡೆಯುತ್ತದೆ, ಎಲ್ಲ ನೋಡಿ ತೀರ್ಮಾನ ಮಾಡು ಅಂದ. ಹೊಸಬರಿಗೆ, ಬಹಳ ವರ್ಷ ಬಿಟ್ಟು ಬಂದವರಿಗೆ ಯಾವುದು ಒಳ್ಳೆಯದು ಅಂತ ಕೇಳಿದೆ. "ಬಹಳ ವರ್ಷ ಬಿಟ್ಟು ಬಂದೋರಿಗೆ ಮನೇನೇ ಒಳ್ಳೇದು," ಅಂತ ನಕ್ಕ.

ಮಾಲೂರಿಗೆ ಒಂದು ಭಾನುವಾರ ಸುಮ್ಮನೆ ನೋಡಲು ಹೋದೆ. ಬಯಲು ಬೇರೆ, ದಿಬ್ಬಗಳು ಅವೇ. ಆಗಿನದಕ್ಕಿಂತ ಎತ್ತರ ಕೂಡ. ನನ್ನ ಮಗಳ ವಯಸ್ಸಿನವರು ಎದೆಗೆ ಬೆನ್ನಿಗೆ ಗಟ್ಟಿ ಕವಚ ಕಟ್ಟಿಕೊಂಡು ಗಾಳಿಯಲ್ಲಿ ಹ್ಯಾಂಡಲ್ ತಿರುಗಿಸಿ, ನಗುತ್ತಾ ಇಳಿಯುತ್ತಿದ್ದರು. ಪ್ರತಿ ಗಾಡಿ ನೆಲ ಮುಟ್ಟಿದಾಗಲೂ ನಿಂತಲ್ಲೇ ನನ್ನ ಮಂಡಿ ಚುಳ್ ಅನ್ನುತ್ತಿತ್ತು. ಕಬ್ಬಿನ ಹಾಲು ಕುಡಿದು ಬಸ್ಸು ಹತ್ತಿದೆ.

ಶ್ರೀನಿವಾಸಪುರದಾಚೆ ಗೌನಿಪಲ್ಲಿಯಲ್ಲಿ ಮಾವಿನ ತೋಪುಗಳ ಒಳಗೆ ಹಾದು ಹೋಗುವ ರೇಸು. ದಿಬ್ಬವಿಲ್ಲ, ಉತ್ತ ನೆಲ, ನೆರಳು, ಕೇಳುವುದಕ್ಕೆ ಸೊಗಸು. ಗಾಡಿ ತೆಗೆದುಕೊಂಡು ಹೋಗಿ ಒಂದು ಸುತ್ತು ಹಾಕಿಯೇ ಬಿಟ್ಟೆ. ನಮ್ಮ ಕಡೆಯ ಮಾವಿನ ಮರಗಳು ಮನುಷ್ಯ ಬಗ್ಗಿ ನಡೆದರೆ ಸಾಕು ಅನ್ನುವಷ್ಟು ತಗ್ಗು. ಗಾಡಿಯ ಮೇಲೆ ಎದ್ದು ನಿಂತರೆ ಕೊಂಬೆ ಹೆಲ್ಮೆಟ್ಟಿಗೆ, ಕೂತರೆ ಗುಂಡಿಯ ಏಟು ಮಂಡಿಗೆ. ಮೂರನೇ ಸಾಲಿನಲ್ಲಿ ಒಂದು ಕೊಂಬೆ ನನ್ನನ್ನು ಗಾಡಿಯಿಂದ ಎತ್ತಿ ನೆಲದ ಮೇಲೆ ಕೂರಿಸಿತು. ತೋಪಿನ ಯಜಮಾನ ಓಡಿಬಂದ. ಮೊದಲು ಕೊಂಬೆಯನ್ನು ಮುಟ್ಟಿ ನೋಡಿದ, ಆಮೇಲೆ ನನ್ನನ್ನು. "ಅಯ್ಯೋ ತಾತಾ, ನೀಕೆಂದುಕು ಇದಿ, ನಿಂಗ್ಯಾಕೆ ಇದೆಲ್ಲ? ಮನೇಲಿ ಯಾರೂ ಇಲ್ವಾ ಹೇಳೋರು?" ಅಂದ. ಅವನಿಗೂ ನನಗೂ ಹೆಚ್ಚೆಂದರೆ ಐದಾರು ವರ್ಷ ವ್ಯತ್ಯಾಸ ಇದ್ದೀತು. ಅವನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಗಾಡಿ ತಳ್ಳಿಕೊಂಡು ತೋಪಿನಿಂದ ಹೊರಬಂದೆ.

ಕುರುಡುಮಲೆಯದು ಬಂಡೆಗಳ ಮೇಲಿನ ಸವಾರಿ. ಅಲ್ಲಿ ಗಾಡಿ ಓಡಿಸುವುದಕ್ಕಿಂತ ಹೊರುವುದೇ ಹೆಚ್ಚು. ಮೆಟ್ಟಿಲ ಹಾಗಿರುವ ಬಂಡೆ ಮೇಲೆ ಚಕ್ರ ಇಟ್ಟು, ಎಡಗಾಲು ಊರಿ ಜಿಗಿಯಬೇಕು. ಆ ಎಡಗಾಲಿನ ಮಂಡಿಯನ್ನೇ ತಾನೇ ಡಾಕ್ಟರು ಬದಲಾಯಿಸಬೇಕು ಅಂದಿದ್ದು. ಬಂಡೆಯ ಬುಡದಲ್ಲಿ ನಿಂತು ಮೇಲಕ್ಕೆ ನೋಡಿ, ದೇವಸ್ಥಾನಕ್ಕೆ ಹೋಗಿ, ಅಷ್ಟೆತ್ತರದ ಗಣಪತಿಯ ಮುಂದೆ ಕೈಮುಗಿದೆ. ಆತ ಕೂತೇ ಇದ್ದ. ನನಗೂ ಅದನ್ನೇ ಸೂಚಿಸುತ್ತಿದ್ದಾನೆ ಅನ್ನಿಸಿ ಬೇಜಾರಾಯಿತು.

ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಎಲ್ಲೂ ಆಗಲ್ಲ ಕಣೋ ಅಂದೆ. ನನ್ನ ದನಿ ಹೇಗಿತ್ತೋ ಏನೋ, ಆ ಭಾನುವಾರ ಅವನೇ ನಮ್ಮೂರಿಗೆ ಬಂದ. ಕೆರೆ ಏರಿಯ ಮೇಲೆ ನಿಂತು ಒಣಗಿದ ಅಂಗಳ ನೋಡಿದ. ಅಷ್ಟಗಲ ಬಯಲು, ಹಾಲುಗಾಡಿ ಕಾಲದ ನನ್ನ ಅದೇ ಮೆತ್ತನೆ ಮಣ್ಣು. ಕಲ್ಲಿಲ್ಲ, ದಿಬ್ಬವಿಲ್ಲ, ತಲೆಗೆ ತಗಲುವ ಕೊಂಬೆಯಿಲ್ಲ. "ಲೇ, ಇಷ್ಟು ಚೆನ್ನಾಗಿರೋ ಜಾಗ ಹಿತ್ತಲಲ್ಲಿ ಇಟ್ಕೊಂಡು ಊರೂರು ಸುತ್ತಿದೀಯಲ್ಲೋ!" ಅಂದ. ತಾನು ನಡೆಸುವ ಕುರುಡುಮಲೆಯ ರೇಸನ್ನು ಮುಂದಕ್ಕೆ ಹಾಕಿ ಈ ಸಲ ಇಲ್ಲೇ ಮಾಡೋಣ ಅಂತ ಅಲ್ಲೇ ಗೊತ್ತು ಮಾಡಿದ. ಕೆರೆಯಲ್ಲಿ ರೇಸಾ ಅಂತ ಪಂಚಾಯ್ತಿಯಲ್ಲಿ ಯಾರೂ ಬೆಚ್ಚಲಿಲ್ಲ. ನಮ್ಮ ಕಡೆ ಯಾರೂ ಬೆಚ್ಚುವುದಿಲ್ಲ, ಕೆರೆ ಅಂದರೆ ನಮಗೆ ಮೈದಾನ ಅಂತಲೇ ಅರ್ಥವಾಗಿ ಎಷ್ಟೋ ಕಾಲವಾಗಿತ್ತು. ಕಾರ್ತಿಕ ಮುಗಿಯುವ ಮುಂಚಿನ ಭಾನುವಾರ ಅಂತ ತೀರ್ಮಾನವಾಯಿತು. ಹೆಂಡತಿಗೆ ಹೇಳಿದೆ. "ಬಿದ್ರೆ ಮನೆ ಹತ್ರ ಬೀಳ್ತೀರ. ಅಷ್ಟಾದ್ರೂ ಆಯ್ತಲ್ಲ," ಅಂದಳು. ಅವಳ ಬಾಯಲ್ಲಿ ಅದು ಒಪ್ಪಿಗೆ.

ಒಂದೇ ತೊಡಕು, ಗಾಡಿಗಳು ಸಾಲಾಗಿ ವೇಗ ಹಿಡಿದು ಕೆರೆಯೊಳಕ್ಕೆ ಇಳಿಯುವ ದಾರಿ. ಒಂದು ಕಡೆ ಎತ್ತರದ ಏರಿ, ಮಿಕ್ಕ ಕಡೆ ಬಳ್ಳಾರಿ ಜಾಲಿಯ ಮುಳ್ಳು, ನಡುವೆ ದನವೋ ಕಾರೋ ಒಂದೊಂದಾಗಿ ನುಸುಳುವಷ್ಟೇ ಸಂದು. ಅಗಲಕ್ಕೆ ಇದ್ದಿದ್ದು ರಾಜಕಾಲುವೆಯ ಬಾಯಿ ಮಾತ್ರ. ಮೇಲಿನೂರ ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಾದ ನೀರು ಆ ಕಾಲುವೆಯಲ್ಲೇ ನಮ್ಮ ಕೆರೆಗೆ ಬರಬೇಕು. ಬರುತ್ತಿತ್ತಂತೆ, ಹಿರಿಯರು ಹೇಳುತ್ತಿದ್ದರು. ಟ್ರ್ಯಾಕ್ಟರ್ ದಾಟಲೆಂದು ಯಾರೋ ಯಾವಾಗಲೋ ಅದರ ಬಾಯಿಗೆ ಮಣ್ಣು ತುಂಬಿದ್ದರು, ಆ ಮಣ್ಣಿನ ಮೇಲೆ ಜಾಲಿ ಬೆಳೆದು ಕಾಡಾಗಿತ್ತು. ನಾನು ಜೆಸಿಬಿ ತರಿಸಿದೆ. ಜಾಲಿ ಕೀಳಿಸಿದೆ, ತುಂಬಿದ್ದ ಮಣ್ಣನ್ನು ತೆಗೆಸಿದೆ, ಕಾಲುವೆಯ ತಳವನ್ನು ಮೇಲಿನೂರ ಕಡೆಗೆ ಉದ್ದಕ್ಕೂ ಗೀಚಿಸಿ ನೆಟ್ಟಗೆ ಮಾಡಿಸಿದೆ. ರೇಸು ಅಲ್ಲಿಂದಲೇ ಶುರು, ಉದ್ದಕ್ಕೆ ಇಳಿಜಾರಿನಲ್ಲಿ ವೇಗ ಹಿಡಿದು ಬಂದು ಅಂಗಳದಲ್ಲಿ ತಿರುವು. ಅಷ್ಟು ಒಳ್ಳೆಯ ಶುರು ಯಾವ ರೇಸಿನಲ್ಲೂ ಇರಲಾರದು ಅಂತ ನನ್ನೊಳಗೇ ಬೀಗಿದೆ.

ಕೆಲಸ ಮುಗಿಯುವ ತನಕ ದಡದ ಮೇಲೆ ನಮ್ಮೂರ ಹಳೇ ನೀರುಗಂಟಿ ಕೂತಿದ್ದ. ಕೆರೆಯಲ್ಲಿ ನೀರಿದ್ದ ಕಾಲಕ್ಕೆ ತೂಬು ಎತ್ತಿ ಗದ್ದೆಗದ್ದೆಗೆ ಪಾಳಿಯಲ್ಲಿ ನೀರು ಬಿಡುವುದು ಅವನ ಮನೆತನದ ಕೆಲಸ. ನೀರು ಹೋದ ಮೇಲೆ ಹೆಸರು ಮಾತ್ರ ಉಳಿದಿತ್ತು. ಮುದುಕ ಒಂದೇ ಸಮನೆ ಕೋಲು ತೋರಿಸುತ್ತಿದ್ದ. "ಇಂಕೊಂಚೆಂ ಅಪ್ಪಾ, ಇನ್ನೊಂಚೂರು ಆಳಕ್ಕೆ ತೆಗೆಸು. ಅಲ್ಲಿ ದಿಣ್ಣೆ ಬಿಟ್ಟಿದೀಯ ನೋಡು." ತಾತನಿಗೂ ರೇಸಿನ ಹುಚ್ಚು ಹಿಡಿದಿದೆ ಅಂತ ನನಗೆ ಖುಷಿಯಾಯಿತು. ಅವನು ತೋರಿಸಿದಲ್ಲೆಲ್ಲ ತೆಗೆಸಿದೆ. ಸಂಜೆ ಅವನು ಕಾಲುವೆಗೆ ಇಳಿದು, ತಳಕ್ಕೆ ಅಂಗೈ ಇಟ್ಟು ನೋಡಿ, "ಸರಿ ಹೋಯ್ತು, ಇನ್ನು ಬರ್ಲಿ," ಅಂದ. ಗಾಡಿಗಳು ಬರಲಿ ಅಂತ ನಾನು ತಿಳಿದೆ.

ದಾರಿ ಗೊತ್ತಾಗಲೆಂದು ಅಂಗಳದ ಉದ್ದಕ್ಕೂ ಆಳೆತ್ತರದ ಜಾಲಿ ಗೂಟಗಳನ್ನು ನೆಟ್ಟೆ. ಅವಕ್ಕೆ ಕಟ್ಟಲು ಕೆಂಪು ಬಟ್ಟೆ ಹುಡುಕುತ್ತಿದ್ದಾಗ ಹೆಂಡತಿ ಟ್ರಂಕಿನಿಂದ ತನ್ನ ಹಳೇ ಕೆಂಪು ಸೀರೆ ತಂದು ಸರ್ರನೆ ಹರಿದಳು. ನಾನು ಬೇಡ ಅಂದೆ. "ಅಂಚು ಹೋಗಿತ್ತು, ಇನ್ನೇನು ಉಡಲ್ಲ," ಅಂದಳು. ಅಂಚು ಚೆನ್ನಾಗಿಯೇ ಇತ್ತು. ಮುಗಿಯುವ ಗೆರೆಯನ್ನು ಏರಿಯ ಕೆಳಗೆ, ತೂಬಿನ ಕಲ್ಲಿನ ಹತ್ತಿರ ಇಟ್ಟೆ. ಅಲ್ಲಿ ಎರಡು ಉದ್ದನೆಯ ಬಿದಿರುಗಳ ತುದಿಗೆ ಸೆರಗನ್ನು ಸೀಳಿ ಕಟ್ಟಿದ್ದು ಅವಳೇ.

ಆ ಮೇಲಿನ ದಿನಗಳನ್ನು ಹೇಗೆ ಹೇಳಲಿ! ಬೆಳಗಿನ ಹೊತ್ತು ಕಾಲುವೆಯಲ್ಲಿ ಗಾಡಿ ಬಿಟ್ಟರೆ ಕಿವಿಯಲ್ಲಿ ಗಾಳಿ, ಅಂಗಳಕ್ಕೆ ಬಿದ್ದೊಡನೆ ಹಿಂದಿನ ಚಕ್ರ ಮಣ್ಣಿನಲ್ಲಿ ತೇಲಿಕೊಂಡು ಹೋಗುವುದು, ಮೈ ತಾನಾಗಿ ಬಾಗುವುದು. ತಿರುವಿನಲ್ಲಿ ಎಡಗಾಲು ಊರುವ ಬದಲು ಬಲಗಡೆ ಭಾರ ಹಾಕುವುದನ್ನು ಕಲಿತೆ. ಎರಡು ಸಲ ಬಿದ್ದೆ, ಎರಡು ಸಲವೂ ಮಣ್ಣು ಹಾಸಿಗೆಯ ಹಾಗೆ ಹಿಡಿದುಕೊಂಡಿತು. ಒಂದು ದಿನ ಪೂರ್ತಿ ಸುತ್ತನ್ನು ಎಲ್ಲೂ ನಿಲ್ಲದೆ ಮುಗಿಸಿ ಬಿದಿರುಗಳ ನಡುವೆ ದಾಟಿದಾಗ ಯಾರೂ ನೋಡಲಿಲ್ಲ ಅಂತ ದುಃಖವಾಯಿತು. ಇರಲಿ, ಭಾನುವಾರ ನೋಡುತ್ತಾರೆ ಅಂದುಕೊಂಡೆ.

ಭಾನುವಾರಕ್ಕೆ ಮುಂಚಿನ ವಾರ ಮಳೆ ಹಿಡಿಯಿತು. ತಮಿಳುನಾಡು ಕಡೆ ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿದರೆ ನಮಗೆ ನಾಲ್ಕು ದಿನ ಜಡಿಮಳೆ, ಅದು ಹೊಸದಲ್ಲ. ಮಣ್ಣು ಸ್ವಲ್ಪ ನೆನೆದರೆ ಹಿಡಿತ ಚೆನ್ನಾಗಿರುತ್ತದೆ ಅಂತ ಮೆಕ್ಯಾನಿಕ್ ಹೇಳಿದ. ಬುಧವಾರ ನಾನು ಕೇಂದ್ರದಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದಾಗ ನಮ್ಮ ಕಡೆಯ ಹಾಲಿನ ವ್ಯಾನಿನ ಡ್ರೈವರ್ ತಲೆ ಒರೆಸಿಕೊಳ್ಳುತ್ತಾ ಒಳಗೆ ಬಂದು, "ಸಾರ್, ಮೇಲಿನೂರ ಕೆರೆ ಕೋಡಿ ಬಿದ್ದೈತೆ! ಜನ ಜಾತ್ರೆ ಹಂಗೆ ಸೇರವ್ರೆ," ಅಂದ. ಉಳಿದವರೆಲ್ಲ ಹೋ ಅಂದರು. ನನ್ನ ಕೈಯಲ್ಲಿದ್ದ ಗಾಜಿನ ಕೊಳವೆ ಮೇಜಿಗೆ ತಗಲಿ ಒಡೆಯಿತು. ರಜಾ ಹೇಳಿ ಸ್ಕೂಟರಿನಲ್ಲಿ ಹೊರಟೆ.

ಕಾಲುವೆಯ ಹತ್ತಿರ ನಾನು ಬಂದಾಗ ನೀರೂ ಅದೇ ಹೊತ್ತಿಗೆ ಬರುತ್ತಿತ್ತು. ನೀರು ಅಂದರೆ ಧೋ ಅಂತ ಸುರಿದು ಬರುತ್ತದೆ ಅಂತ ನಾನು ತಿಳಿದಿದ್ದೆ. ಅದು ನಡೆದುಕೊಂಡು ಬರುತ್ತಿತ್ತು. ಕೆಂಪಗೆ, ಮುಂದೆ ಒಣಗಿದೆಲೆ, ನೊರೆ, ಚಪ್ಪಲಿ ಚೂರು ಎಲ್ಲವನ್ನೂ ತಳ್ಳಿಕೊಂಡು, ನನ್ನ ಗಾಡಿಯ ಟೈರಿನ ಗುರುತುಗಳನ್ನು ಒಂದೊಂದಾಗಿ ತುಂಬಿಕೊಂಡು, ನಾನು ನೆಟ್ಟಗೆ ಗೀಚಿಸಿದ ತಳದಲ್ಲಿ ಒಂದು ಕಡೆಯೂ ತಡೆಯದೆ ಬಂತು. ನಾನು ಅದರ ಮುಂದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟೆ. ಕಾಲಲ್ಲಿ ಒಂದಿಷ್ಟು ಮಣ್ಣು ಎಳೆದು ಅದರ ದಾರಿಗೆ ಹಾಕಿದೆ. ಅದು ಮಣ್ಣನ್ನು ನೆಕ್ಕಿಕೊಂಡು ನನ್ನ ಚಪ್ಪಲಿ ಹತ್ತಿತು.

ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಜೆಸಿಬಿಯವನಿಗೆ ಫೋನ್ ಮಾಡಿದೆ. ಭಾನುವಾರದ ತನಕ, ನಾಲ್ಕೇ ನಾಲ್ಕು ದಿನ, ಬಾಯಿಗೆ ಎರಡು ಲೋಡು ಮಣ್ಣು ಹಾಕಿ ಆಮೇಲೆ ತೆಗೆದುಬಿಡೋಣ ಅಂದೆ. "ಸಾರ್, ಕೆರೆಗೆ ನೀರ್ ಬರ್ತೈತೆ. ಮುಚ್ಚೋದಾ? ನಮ್ಮನ್ನ ಊರಲ್ಲಿ ಇರಾಕ್ ಬಿಡ್ತಾರಾ?" ಅಂದ. ಆಮೇಲೆ ಅವನೇ, ಫೋನ್ ಸರಿಯಾಗಿ ಕೇಳಿಸುತ್ತಿಲ್ಲ ಅಂತ ಇಟ್ಟುಬಿಟ್ಟ. ಒಳ್ಳೆಯ ಮನುಷ್ಯ, ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಊರಿನವರು ಏರಿಯ ಮೇಲಿಂದ ಕೂಗುತ್ತಾ ಓಡಿ ಬರುತ್ತಿದ್ದರು. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಿದ್ದರು, ಒಬ್ಬಳ ಕೈಯಲ್ಲಿ ಮುದ್ದೆ ಕೋಲು ಹಾಗೇ ಇತ್ತು. ನೀರುಗಂಟಿ ಎಲ್ಲರಿಗಿಂತ ಹಿಂದೆ, ಕೋಲೂರಿಕೊಂಡು ಬಂದ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ನೀನೇ ಅಪ್ಪಾ ತಂದಿದ್ದು, ನೀನೇ ತಂದಿದ್ದು," ಅಂದ. ನಾನು ಮುಳುಗುತ್ತಿದ್ದ ಟೈರಿನ ಗುರುತುಗಳನ್ನೇ ನೋಡುತ್ತಾ ತಲೆ ತಗ್ಗಿಸಿದೆ. ಅಲ್ಲಿದ್ದವರಿಗೆಲ್ಲ ಅದು ವಿನಯದ ಥರ ಕಂಡಿತು.

ಗುರುವಾರದ ಹೊತ್ತಿಗೆ ಮೊದಲನೇ ತಿರುವು ಹೋಯಿತು. ಶುಕ್ರವಾರ ಕ್ರಿಕೆಟ್ ಪಿಚ್ಚು ಹೋಯಿತು. ದಿನಾ ಬೆಳಗ್ಗೆ ಏರಿಯ ಮೇಲೆ ಹೋಗಿ ನಿಲ್ಲುವುದು, ಯಾವ ಬಾವುಟ ಎಷ್ಟು ಮುಳುಗಿದೆ ನೋಡುವುದು, ಬರುವುದು. ಇನ್ನೇನು ಮಾಡಲಿ? ಬಯ್ಯೋಣವೆಂದರೆ ಬಯ್ಯುವುದಕ್ಕೂ ಯಾರೂ ಇಲ್ಲ. ಮಳೆಯನ್ನು ಬಯ್ಯುವ ಹಾಗಿಲ್ಲ, ನಮ್ಮ ಕಡೆ ಅದು ಪಾಪ. ನೀರನ್ನು ಬಯ್ಯುವ ಹಾಗಿಲ್ಲ. ಕಾಲುವೆ ತೋಡಿಸಿದವನು ನಾನೇ. ಊರೆಲ್ಲ ನಗುತ್ತಿತ್ತು, ಟೀ ಅಂಗಡಿಯವನು ನನ್ನ ಹತ್ತಿರ ದುಡ್ಡು ತೆಗೆದುಕೊಳ್ಳುವುದನ್ನು ಬಿಟ್ಟಿದ್ದ. ಪಂಚಾಯ್ತಿಯಲ್ಲಿ ಕರೆಸಿ ಶಾಲು ಹೊದಿಸಿದರು. ನಾನು ಎದ್ದು ನಿಂತು, ಇದ್ದದ್ದು ಇದ್ದ ಹಾಗೆ ಹೇಳಿದೆ. "ನಾನು ತೋಡ್ಸಿದ್ದು ನೀರಿಗಲ್ಲ. ರೇಸಿಗೆ. ಭಾನುವಾರ ರೇಸಿತ್ತು, ನಿಮಗೆಲ್ಲ ಗೊತ್ತು." ಎಲ್ಲರೂ ಗೊಳ್ಳನೆ ನಕ್ಕರು. "ನೋಡ್ರಪ್ಪಾ ಎಷ್ಟು ದೊಡ್ಡ ಮನಸ್ಸು, ಹೆಸರು ಕೂಡ ಬೇಡ ಅಂತಾರೆ," ಅಂತ ಯಾರೋ ಅಂದರು. ಮತ್ತೆ ಚಪ್ಪಾಳೆ.

ಮೆಕ್ಯಾನಿಕ್ ಶನಿವಾರ ಫೋನ್ ಮಾಡಿದ. "ಏನ್ಲಾ ಮಾಡ್ದೆ ನೀನು!" ಅಂತ ಮೊದಲು ನಕ್ಕ. ನಾನು ನಗದೆ ಇದ್ದಿದ್ದಕ್ಕೆ ಅವನೂ ನಿಲ್ಲಿಸಿದ. ರೇಸನ್ನು ಕುರುಡುಮಲೆ ಬಂಡೆಗೇ ವಾಪಸು ಹಾಕಿದ್ದೀವಿ ಅಂದ. ಬೇರೆ ಯಾವುದಾದರೂ ಕೆರೆ ನೋಡು, ಎಲ್ಲಾದರೂ ಸರಿ, ಕೋಲಾರದ ಕಡೆಯಾದರೂ ಸರಿ ಅಂತ ಗೋಗರೆದೆ. "ಈ ವರ್ಷ ಎಲ್ಲಾ ಕೆರೆನೂ ತುಂಬವೆ ಕಣೋ. ನಮ್ಮ ಮನೆ ಹಿಂದಿನ ಗುಂಡೀಲೂ ನೀರು," ಅಂದ. ಮುಂದಿನ ವರ್ಷ ನೋಡೋಣ ಅಂತ ಬಾಯಿತಪ್ಪಿ ಅಂದು, ನನ್ನ ಆಪರೇಷನ್ ನೆನಪಾಗಿ ಫೋನ್ ಇಟ್ಟ. ಆಸ್ಪತ್ರೆಯಿಂದ ತಾರೀಖು ಬಂದಿತ್ತು, ಸಂಕ್ರಾಂತಿಗೆ ಮುಂಚಿನ ವಾರ.

ಭಾನುವಾರ ಬೆಳಗ್ಗೆ, ಗಾಡಿಗಳು ಸಾಲಾಗಿ ನಿಲ್ಲಬೇಕಿದ್ದ ಹೊತ್ತಿಗೆ ಸರಿಯಾಗಿ, ಊರು ಪೂರ್ತಿ ಏರಿಯ ಮೇಲಿತ್ತು. ಹೊಸ ನೀರು ತೂಬಿನ ಕಲ್ಲು ಮುಟ್ಟಿದ ಮೇಲೆ ನಮ್ಮೂರಲ್ಲಿ ಗಂಗೆ ಪೂಜೆ ಮಾಡುತ್ತಾರೆ. ಕಾಲುವೆ ತೋಡಿದವನು ಹೆಂಡತಿಯ ಜೊತೆ ಮೊದಲ ಬಾಗಿನ ಬಿಡಬೇಕು, ಅದು ಹಿಂದಿನಿಂದ ಬಂದ ಪದ್ಧತಿ. ನೀರುಗಂಟಿ ಅದನ್ನು ನೆನಪಿಸಿ ನೆನಪಿಸಿ ನಮ್ಮ ಮನೆ ಬಾಗಿಲಿಗೇ ಬಂದು ಕೂತಿದ್ದ. ರೇಸಿನ ದಿನ ಹಾಕಿಕೊಳ್ಳಬೇಕೆಂದು ಇಟ್ಟಿದ್ದ ಬೂಟು ಮಂಚದ ಕೆಳಗಿತ್ತು. ಹೆಂಡತಿ ಅದನ್ನು ಸೀರೆಯ ಮಡಿಕೆಯಲ್ಲಿ ಮರೆಮಾಡಿಕೊಂಡು ಹೋಗಿ ಎಲ್ಲೋ ಇಟ್ಟಳು. ನಾನು ಬಿಳೀ ಪಂಚೆ ಉಟ್ಟೆ. ಕೊರಳಿಗೆ ಸೇವಂತಿಗೆ ಹಾರ ಹಾಕಿದರು, ಮುಂದೆ ತಮಟೆ ಬಡಿದರು, ಅಷ್ಟೂ ದಾರಿ ನನ್ನನ್ನು ನಡೆಸಿಕೊಂಡು ಹೋದರು. ಮಂಡಿ ಒಂದೊಂದು ಹೆಜ್ಜೆಗೂ ಹಿಡಿಯುತ್ತಿತ್ತು. ಬಯಲಲ್ಲಿ ಗಾಡಿ ನೋಡಲು ಇಷ್ಟು ಜನ ಖಂಡಿತ ಬರುತ್ತಿರಲಿಲ್ಲ.

ಏರಿಯ ಮೇಲೆ ಮುದುಕ ಮುದುಕಿಯರು ನೀರು ನೋಡಿ ಬಾಯಿಬಿಟ್ಟು ಅಳುತ್ತಿದ್ದರು. ನೀರುಗಂಟಿಯಂತೂ ತೂಬಿನ ಕಲ್ಲನ್ನು ತಬ್ಬಿಕೊಂಡು ಕೂತುಬಿಟ್ಟಿದ್ದ. ನಾವಿಬ್ಬರೂ ಮೆಟ್ಟಿಲು ಇಳಿದೆವು. ನಾನು ತಲೆ ಎತ್ತಿ ನೋಡಬಾರದು ಅಂದುಕೊಂಡಿದ್ದೆ, ನೋಡಿದೆ. ಅಂಗಳದಲ್ಲಿ ಗೂಟಗಳು ಬಹುಪಾಲು ಮುಳುಗಿ, ದಡದ ಹತ್ತಿರದ ಕೆಲವುಗಳ ತುದಿಯಲ್ಲಿ ಹೆಂಡತಿಯ ಸೀರೆ ತುಂಡುಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಒಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಎಲ್ಲಿ ವೇಗ ಹಿಡಿಯಬೇಕು, ಎಲ್ಲಿ ಬಲಕ್ಕೆ ಭಾರ ಹಾಕಬೇಕು, ನೀರಿನ ಕೆಳಗೆ ಎಲ್ಲವೂ ನನಗೆ ಕಾಣುತ್ತಿತ್ತು.

ಅರಿಸಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು ಮುಚ್ಚಿದ ಮೊರವನ್ನು ಇಬ್ಬರೂ ಹಿಡಿದು ನೀರಿಗೆ ಬಿಟ್ಟೆವು. ಅದು ಸ್ವಲ್ಪ ಹೊತ್ತು ಅಲ್ಲೇ ತಿರುಗಿತು. ಆಮೇಲೆ ಗಾಳಿ ಬಂತು, ಮೊರ ಮೆಲ್ಲಗೆ ಹೊರಟು ಆ ಎರಡು ಬಿದಿರುಗಳ ಕಡೆ ತೇಲಿತು. ಅವು ಉದ್ದವಿದ್ದುದರಿಂದ ಇನ್ನೂ ನೀರಿನ ಮೇಲೆ ನಿಂತಿದ್ದವು, ಸೆರಗಿನ ಚೂರುಗಳು ಹಾರಾಡುತ್ತಿದ್ದವು. ಮೊರ ಅವುಗಳ ನಡುವೆ ದಾಟಿ ಹೋಯಿತು. ನನ್ನ ಕೈ ಅದರ ಹಿಂದೆ ನೀರಿನಲ್ಲೇ ಉಳಿದಿತ್ತು.

ಹೆಂಡತಿ ನನ್ನ ಮೊಣಕೈ ಹಿಡಿದಳು.

"ಅತ್ಬಿಡಿ," ಅಂದಳು, ನನಗೆ ಮಾತ್ರ ಕೇಳುವ ಹಾಗೆ. "ಇಲ್ಲಿ ಎಲ್ರೂ ಅಳ್ತಿದಾರೆ. ಯಾರಿಗೂ ಗೊತ್ತಾಗಲ್ಲ."

ಅತ್ತೆ. ಏರಿಯ ಮೇಲಿದ್ದ ಜನ ಅದನ್ನು ನೋಡಿ ಚಪ್ಪಾಳೆ ತಟ್ಟಿದರು.